ಯಾರು ಕೇಳಿದರೂ ನನ್ನದೇ ಎನ್ನು

ಅಕ್ಟೋಬರ್ 5, ಭಾನುವಾರ

ಖರ್ಚಿನ ಮಸೂದೆ ಪಾಸಾಗದೆ ಅಮೆರಿಕದ ಸರ್ಕಾರಕ್ಕೆ ಬೀಗ ಬಿದ್ದು ಇವತ್ತಿಗೆ ಐದು ದಿನ. ನಮ್ಮ ಕಾರಿನಲ್ಲಿ ಮಾತ್ರ ಕಲಾಪ ಎಂದಿನಂತೆ ನಡೆಯಿತು.

ಮಸ್ಕತ್ತಿನ ವಾದಿ ಕಬೀರಿನಿಂದ ರುಸೈಲಿನ ಆಫೀಸಿಗೆ ಮುಕ್ಕಾಲು ಗಂಟೆಯ ದಾರಿ. ಕಾರು ಶಿರ್ವದ ಕ್ಲೇಟನ್‌ದು, ನಿಯಮವೂ ಅವನದೇ. ಊರಿನ ರಾಜಕೀಯ ಎತ್ತಬಾರದು, ಸ್ನೇಹ ಕೆಡುತ್ತದೆ. ಇಲ್ಲಿಯದು ಎತ್ತಬಾರದು, ನಾವು ಅತಿಥಿಗಳು. ಉಳಿದದ್ದು ಅಮೆರಿಕ. ಅದು ಯಾರಪ್ಪನ ಗಂಟೂ ಅಲ್ಲ, ಎಷ್ಟು ಬೈದರೂ ಸವೆಯುವುದಿಲ್ಲ. ಕ್ಲೇಟನ್‌ನ ಅಕ್ಕ ನ್ಯೂಜೆರ್ಸಿಯಲ್ಲಿ ನರ್ಸ್, ಆದ್ದರಿಂದ ಅವನು ಹುಟ್ಟಾ ಡೆಮಾಕ್ರಟ್, ಕತ್ತೆಯ ಗುರುತಿನ ಪಕ್ಷ. ಎದುರು ಪಕ್ಷಕ್ಕೆ ಯಾರೂ ಇಲ್ಲದ್ದರಿಂದ ಆರು ವರ್ಷದ ಹಿಂದೆ ನಾನು ಆನೆಯ ಗುರುತಿನ ರಿಪಬ್ಲಿಕನ್ ಆದೆ. ಆಮೇಲೆ ಅದೇ ಅಭ್ಯಾಸವಾಯಿತು. ಹಿಂದಿನ ಸೀಟಿನ ಶಹೀದ್ ಸ್ಪೀಕರ್. ದೇರಳಕಟ್ಟೆಯ ಹುಡುಗ, ಹುಡುಗ ಎಂದರೆ ಮೂವತ್ತೆರಡು. ಖರೀದಿ ವಿಭಾಗದಲ್ಲಿದ್ದಾನೆ. ಅವನಿಗೆ ಕೊಂಕಣಿ ಬಾರದು ಎಂಬ ಕಾರಣಕ್ಕೆ ಕಲಾಪದ ಭಾಷೆ ಕನ್ನಡ.

ಇವತ್ತಿನ ವಿಷಯ ಮಾದಕ ವಸ್ತುವಿಗೆ ಅಲ್ಲಿನ ಶಿಕ್ಷೆ. ಕ್ಲೇಟನ್ ಎಂಬತ್ತಾರರ ಕಾನೂನಿನಿಂದ ಶುರು ಮಾಡಿದ. ಕ್ರ್ಯಾಕ್, ಅಂದರೆ ಕೊಕೇನ್ ಹರಳು, ಐದು ಗ್ರಾಂ ಸಿಕ್ಕಿದರೆ ಕನಿಷ್ಠ ಐದು ವರ್ಷ, ಅದೇ ಕೊಕೇನ್ ಪುಡಿಯಾದರೆ ಅಷ್ಟು ಶಿಕ್ಷೆಗೆ ಅರ್ಧ ಕಿಲೋ ಬೇಕು. ಕ್ರ್ಯಾಕ್ ಬಡವರದು, ಪುಡಿ ಶ್ರೀಮಂತರದು.

“ಜಡ್ಜ್ ಎಂತಕ್ಕೆ ಇರುದು ಮತ್ತೆ ಮಾರ್ರೆ? ಒಂದು ತಕ್ಕಡಿ, ಒಂದು ಕ್ಯಾಲ್ಕುಲೇಟರ್ ಇಟ್ರೆ ಸಾಕಲ್ಲ!”

“ಸಾಕು. ತಕ್ಕಡಿಗೆ ಪಕ್ಷ ಇಲ್ಲ, ಸೋದರಳಿಯನೂ ಇಲ್ಲ” ಎಂದೆ.

ಶಹೀದ್ ನಕ್ಕ. “ಪಾಯಿಂಟ್ ಉಂಟು ಅಣ್ಣ. ಆದ್ರೆ ನಿಮ್ಮ ಟೈಮ್ ಆಯ್ತು.”

ಊಟದ ಹೊತ್ತಿಗೆ ಹೊಳೆದದ್ದು:

ಅಲ್ಲಿ ಆನೆಗೂ ಕತ್ತೆಗೂ ಕದನ,
ಇಲ್ಲಿ ಇಬ್ಬರ ಕೆಂಪಾದ ವದನ.

ಅಕ್ಟೋಬರ್ 7, ಮಂಗಳವಾರ

ಶಹೀದ್ ನಾಳೆ ಊರಿಗೆ, ತಂಗಿಯ ಮದುವೆಗೆ. ಊರಿಗೆ ಹೋಗುವ ಸುದ್ದಿ ಹೊರಬಿದ್ದ ಕೂಡಲೇ ಒಬ್ಬ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ, ಮೂವತ್ತು ಕಿಲೋ ಆಗುತ್ತಾನೆ. ಎಲ್ಲರೂ ಅವನಲ್ಲಿ ಎರಡು ಕಿಲೋ, ಒಂದೂವರೆ ಕಿಲೋ ಎಂದು ಜಾಗ ಹಿಡಿಯುತ್ತಾರೆ. ಅವನು ವಾಪಸು ಬರುವಾಗಿನ ಒಂದು ಕಿಲೋ ನಾನು ಹಿಡಿದೆ. ಒಣ ಸಿಗಡಿ, ಮಾವಿನಮಿಡಿ, ನನ್ನ ಸೊಂಟನೋವಿನ ಮಾತ್ರೆ ಎರಡು ಸ್ಟ್ರಿಪ್. ಕಳೆದ ವರ್ಷ ಮಂಗಳೂರಿನ ಡಾಕ್ಟರು ಬರೆದ ಮಾತ್ರೆ. ಇಲ್ಲಿಯ ಡಾಕ್ಟರು ಕೊಡುವುದು ಚಪ್ಪೆ, ನೋವಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಡಾಲಿಯ ತಮ್ಮ ರಾಯ್‌ಸ್ಟನ್ ಊರಿನಲ್ಲಿ ಎಲ್ಲವನ್ನೂ ಕಟ್ಟಿ ಶಹೀದನ ಮನೆಗೆ ಮುಟ್ಟಿಸುತ್ತಾನೆ. ಬೇರೆಯವರ ಕಟ್ಟು ಬಿಚ್ಚಿ ನೋಡುವುದು ನಮ್ಮಲ್ಲಿ ಇಲ್ಲ. ನೋಡಿದರೆ ನಂಬಿಕೆ ಇಲ್ಲವೆಂದು ಅರ್ಥ.

ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಹೇಳುವುದನ್ನು ಅವನಿಗೂ ಹೇಳಿದೆ. “ಅಲ್ಲಿ ಹತ್ತುವಾಗ, ಇಲ್ಲಿ ಇಳಿಯುವಾಗ, ಯಾರು ಕೇಳಿದರೂ ಎಲ್ಲ ನನ್ನದೇ, ನಾನೇ ಕಟ್ಟಿದ್ದು ಅಂತ ಹೇಳು. ಬೇರೆಯವರದ್ದು ಅಂದ್ರೆ ಇಡೀ ಬ್ಯಾಗ್ ಮಗುಚಿ ಹಾಕ್ತಾರೆ.”

“ಗೊತ್ತುಂಟು ಫೌಸ್ಟಿನಣ್ಣ. ನಿಮ್ಮ ಸಿಗಡಿ ನನ್ನ ಸಿಗಡಿ.”

ಹೊರಲಿಕ್ಕೆ ಒಬ್ಬನ ಹೆಗಲು,
ಉಣ್ಣಲಿಕ್ಕೆ ಹತ್ತು ಬಾಗಿಲು.

ಅಕ್ಟೋಬರ್ 14, ಮಂಗಳವಾರ

ಸ್ಪೀಕರ್ ಇಲ್ಲದ ಸದನ. ಕ್ಲೇಟನ್‌ಗೆ ಲಂಗುಲಗಾಮಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಾಧೀಶರಲ್ಲಿ ಯಾರನ್ನು ಯಾವ ಪಕ್ಷದ ಅಧ್ಯಕ್ಷ ಕೂರಿಸಿದ ಎಂದು ಗೊತ್ತಿದ್ದರೆ ತೀರ್ಪಿಗೆ ಕಾಯಬೇಕಾಗಿಲ್ಲವಂತೆ. ಹಾಗಾದರೆ ಎರಡು ಸಾವಿರದ ಹದಿನೆಂಟರಲ್ಲಿ ಎರಡೂ ಪಕ್ಷ ಸೇರಿ ಶಿಕ್ಷೆ ಇಳಿಸುವ ಕಾನೂನಿಗೆ ಕೈ ಎತ್ತಿದ್ದು ಹೇಗೆ ಎಂದು ಕೇಳಿದೆ. ಅದು ಆನೆ ತಪ್ಪಿ ಒಮ್ಮೆ ಒಳ್ಳೆ ದಾರಿಯಲ್ಲಿ ನಡೆದದ್ದು ಎಂದ.

ಆಮೇಲೆ ಅಕ್ಕ ಕಳಿಸಿದ ಇನ್ನೊಂದು ವಿಡಿಯೊದ ಕಥೆ. ಗಂಡನ ಮಾಲು ಮನೆಯಲ್ಲಿತ್ತೆಂದು ಹೆಂಡತಿಗೂ ಅಷ್ಟೇ ವರ್ಷ. ಚೀಲ ಹೊತ್ತವನಿಗೆ ಹತ್ತು ವರ್ಷ, ಕೊಟ್ಟವನ ಹೆಸರೇ ಇಲ್ಲ.

ನನಗೆ ರೇಗಿತು. “ಚೀಲ ಯಾರ ಕೈಯಲ್ಲಿ ಉಂಟೋ ಅದು ಅವನದ್ದು. ಯಾರು ಕೊಟ್ಟರು, ಯಾಕೆ ಕೊಟ್ಟರು, ಊಟ ಆಗಿತ್ತಾ ಅಂತ ಕೇಳ್ತಾ ಕೂತರೆ ಅದು ಕೋರ್ಟಲ್ಲ, ಸಂಬಂಧ ಕುದುರಿಸುವ ಚಾವಡಿ” ಎಂದೆ. ಕ್ಲೇಟನ್ ಸಿಗ್ನಲ್ ಹಸಿರಾದರೂ ಹೊರಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

ಐದೇ ಗ್ರಾಮಿಗೆ ಐದು ವರ್ಷ,
ಕ್ಲೇಟನ್‌ಗೆ ದುಃಖ, ನನಗೆ ಹರ್ಷ.

ಚೆನ್ನಾಗಿದೆ. ನಾಳೆ ಅವನಿಗೆ ಹೇಳಬೇಕು.

ಅಕ್ಟೋಬರ್ 19, ಭಾನುವಾರ

ನಿನ್ನೆ ಬೆಳಿಗ್ಗೆ ಶಹೀದ್ ಇಳಿಯಬೇಕಿತ್ತು. ಇವತ್ತು ಕಾರಿಗೆ ಬರಲಿಲ್ಲ, ಫೋನ್ ಆಫ್. ಮದುವೆ ಊಟದ ಭಾರ ಇಳಿದಿಲ್ಲ ಎಂದು ನಾವು ನಗಾಡಿಕೊಂಡು ಹೋದೆವು.

ಹತ್ತೂವರೆಗೆ ಸೌದ ನಮ್ಮ ವಿಭಾಗಕ್ಕೆ ಬಂದ. ಪಾಸ್‌ಪೋರ್ಟು, ವೀಸಾ, ಪೊಲೀಸು ಎಂದರೆ ಕಂಪೆನಿ ಕಳಿಸುವುದು ಈ ಒಮಾನಿಯನ್ನೇ. ಒಳ್ಳೆಯವನು, ಹಿಂದಿಯಲ್ಲೇ ಜೋಕು ಹೊಡೆಯುತ್ತಾನೆ. ಇವತ್ತು ಜೋಕಿರಲಿಲ್ಲ. ಶಹೀದನನ್ನು ನಿನ್ನೆ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲೇ ಹಿಡಿದು ಇಟ್ಟುಕೊಂಡಿದ್ದಾರೆ. ಚೀಲದಲ್ಲಿ ಮಾತ್ರೆ ಸಿಕ್ಕಿದೆ. ನಿರ್ಬಂಧಿತ ಪಟ್ಟಿಯಲ್ಲಿರುವ ಮಾತ್ರೆ, ಡಾಕ್ಟರ ಚೀಟಿ ಇಲ್ಲ, ಅನುಮತಿ ಇಲ್ಲ. ಯಾರದೆಂದು ಕೇಳಿದ್ದಕ್ಕೆ ನನ್ನದೇ ಎಂದನಂತೆ. ಯಾವ ಕಾಯಿಲೆಗೆ ಎಂದು ಕೇಳಿದ್ದಕ್ಕೆ ತಲೆನೋವು ಎಂದನಂತೆ. ಅದು ತಲೆನೋವಿನ ಮಾತ್ರೆಯಲ್ಲ.

“ಎಷ್ಟು?” ಎಂದು ಕ್ಲೇಟನ್ ಕೇಳಿದ.

“ಎರಡು ಸ್ಟ್ರಿಪ್.”

ನಾನು ಆಗ ಕಂಪ್ಯೂಟರ್ ನೋಡುತ್ತಿದ್ದೆ. ಕೆಲಸ ಬಹಳ ಇತ್ತು.

ಅಕ್ಟೋಬರ್ 20, ಸೋಮವಾರ

ರಾಯ್‌ಸ್ಟನ್‌ಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಚೀಟಿಯ ಪ್ರತಿಯನ್ನು ಮಾತ್ರೆಯ ಜೊತೆ ಇಡಬೇಕೆಂಬ ಬುದ್ಧಿ ಬೇಡವೇ?

“ಚೀಟಿ ನಿಮ್ಮ ಹತ್ರ ಮಸ್ಕತ್ತಲ್ಲಿ ಉಂಟಲ್ಲ ಭಾವ. ನಾನು ಗುರ್ತದ ಅಂಗಡಿಯಿಂದ ಹಾಗೇ ತಂದದ್ದು. ನೀವೇ ಅಲ್ವಾ ಹಾಗೇ ತಾ ಅಂದದ್ದು? ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಇಷ್ಟು ದೊಡ್ಡಕ್ಕೆ ಬರೆದಿದ್ದೆ.”

ತೂಕ ಹೆಚ್ಚಾಯಿತೆಂದು ಶಹೀದ್ ಪೆಟ್ಟಿಗೆ ಬಿಸಾಡಿ, ಒಳಗಿನದನ್ನು ತನ್ನ ಬಟ್ಟೆಗಳ ನಡುವೆ ಜೋಡಿಸಿದ್ದಾನಂತೆ. ನಮ್ಮವರೆಲ್ಲ ಮಾಡುವುದೇ ಹಾಗೆ. ಮಾಡುವ ಮೊದಲು ಯೋಚಿಸಬೇಕಿತ್ತು. ಒಬ್ಬನಿಗಾದರೂ ಜವಾಬ್ದಾರಿ ಎಂಬುದಿಲ್ಲ!

ಅಕ್ಟೋಬರ್ 21, ಮಂಗಳವಾರ

ಸೊಂಟನೋವು. ಬರೆಯಲು ಕೂರಲಾಗುತ್ತಿಲ್ಲ.

ಅಕ್ಟೋಬರ್ 22, ಬುಧವಾರ

ಬೀರುವಿನಲ್ಲಿ ಜಾಗ ಸಾಲದೆ ನನ್ನ ಆಸ್ಪತ್ರೆಯ ಕಡತವನ್ನು ಮಂಚದಡಿಯ ಸೂಟ್‌ಕೇಸಿಗೆ ಹಾಕಿದೆ. ಬೀರು ಈಗ ಅಚ್ಚುಕಟ್ಟಾಗಿದೆ.

ಶಹೀದ್ ಇನ್ನೂ ಯಾರ ಹೆಸರನ್ನೂ ಹೇಳಿಲ್ಲವಂತೆ ಎಂದು ಡಾಲಿ ಹೇಳಿದಳು. ಅವಳು ದಿನಾ ಶಹೀದನ ಹೆಂಡತಿ ಸಮೀನಾಳ ಮನೆಗೆ ಸಾರು, ಪಲ್ಯ ಹೊತ್ತುಕೊಂಡು ಹೋಗುತ್ತಿದ್ದಾಳೆ. ಎರಡು ಕಟ್ಟಡ ಆಚೆ. ಆ ಹೆಂಗಸು ಇಲ್ಲಿಗೆ ಬಂದು ಎರಡು ವರ್ಷ, ಗಂಡನನ್ನು ಬಿಟ್ಟರೆ ಅವಳಿಗೆ ಇಲ್ಲಿ ಯಾರೂ ಇಲ್ಲ. ಡಾಲಿ ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ವಾಪಸು ಬಂದು ಪಾತ್ರೆಯನ್ನು ಅಷ್ಟು ಸದ್ದು ಮಾಡಿ ಇಡುವ ಅಗತ್ಯವೇನು?

ಮಗಳು ಕ್ಲಾರಿಸ್ಸಾಳಿಗೆ ಫೆಬ್ರವರಿಯಲ್ಲಿ ಹತ್ತನೆಯ ಬೋರ್ಡ್ ಪರೀಕ್ಷೆ. ಅದು ಮುಗಿಯುವ ತನಕ ಈ ಮನೆಯಲ್ಲಿ ಯಾವ ಗಲಾಟೆಯೂ ಆಗಬಾರದು. ಒಬ್ಬ ತಂದೆ ಯೋಚಿಸಬೇಕಾದದ್ದು ಇದನ್ನೇ. ಹತ್ತೊಂಬತ್ತು ವರ್ಷದ ನೌಕರಿ. ಗಡೀಪಾರಾದರೆ ಮತ್ತೆ ಈ ಕಡೆ ತಲೆ ಹಾಕಿ ಮಲಗುವಂತಿಲ್ಲ.

ಅಕ್ಟೋಬರ್ 24, ಶುಕ್ರವಾರ

ಇಲ್ಲಿ ವಾರದ ರಜೆ ಇವತ್ತು. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕ್ಲೇಟನ್ ಶಹೀದನಿಗಾಗಿ ಒಂದು ಪ್ರಾರ್ಥನೆ ಹೇಳೋಣ ಎಂದ. ಹೇಳಿದೆವು. ಹೊರಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುತ್ತ ಅವನೆಂದ:

“ಅವನದ್ದಲ್ಲ ಅದು. ಬರೆದು ಕೊಡ್ತೇನೆ. ತಲೆನೋವು ಬಂದ್ರೆ ಅಮೃತಾಂಜನ ಹಚ್ಚಿಕೊಳ್ಳುವ ಜನ ಅವ. ಯಾರದ್ದೋ ಪಾರ್ಸೆಲ್. ಆ ಕೊಟ್ಟವ ಈಗ ಮನೆಯಲ್ಲಿ ಕೂತು ಅಂಜಲ್ ಫ್ರೈ ತಿಂತಿರ್ಬಹುದು.”

ಎಷ್ಟು ಹೀನ ಮಾತು! ಏನೂ ಗೊತ್ತಿಲ್ಲದೆ ಯಾರನ್ನೋ ದೂರುವುದು. ಕೊಟ್ಟವನಿಗೂ ಕಷ್ಟ ಸುಖ ಇರಬಹುದು, ಮಕ್ಕಳಿರಬಹುದು, ನೋವಿರಬಹುದು. ಇದೇ ಮನುಷ್ಯ ಅಮೆರಿಕದ ಕೈದಿಗಳಿಗೆಲ್ಲ ಕಣ್ಣೀರು ಹಾಕುತ್ತಾನೆ.

ಮಧ್ಯಾಹ್ನ ಮನೆಯಲ್ಲಿ ಅಂಜಲ್ ಇತ್ತು. ಡಾಲಿಗೆ ಬೇರೆ ಮೀನು ಸಿಗಲಿಲ್ಲವೇ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

ಅಕ್ಟೋಬರ್ 26, ಭಾನುವಾರ

ಇವತ್ತು ಕಾರಿನಲ್ಲಿ ದೊಡ್ಡ ಜಗಳವಾಯಿತು. ತಪ್ಪು ಪೂರ್ತಿ ಕ್ಲೇಟನ್‌ನದು.

ಕಾನೂನು ಕಾನೂನೇ ಅಲ್ವಾ ಎಂದು ಅವನು ಎಲ್ಲೋ ಒಂದು ಮಾತಿಗೆ ಹೇಳಿದ. ಅಷ್ಟಕ್ಕೇ ನಾನು ಕೆರಳಿದೆನೆಂದು ಅವನ ದೂರು. ನಾನು ಕೆರಳಿರಲಿಲ್ಲ, ವಿವರಿಸಿದೆ. ಹಿಡಿದ ಕೂಡಲೇ ಶಿಕ್ಷೆ ಲೆಕ್ಕ ಹಾಕುವುದು ನ್ಯಾಯವಲ್ಲ, ತೂಕದ ಅಂಗಡಿ. ಯಾರು ಕೊಟ್ಟರು, ಹೊತ್ತವನಿಗೆ ಏನು ಗೊತ್ತಿತ್ತು, ಎಷ್ಟು ಗೊತ್ತಿತ್ತು, ಇದನ್ನು ಕೇಳಲಿಕ್ಕೇ ನ್ಯಾಯಾಧೀಶನಿಗೆ ಕಿವಿ ಕೊಟ್ಟದ್ದು. ಆ ಕಿವಿಯನ್ನು ಮುಚ್ಚಿಸಿದ ಕಾನೂನನ್ನು ಆನೆ ಮಾಡಲಿ, ಕತ್ತೆ ಮಾಡಲಿ, ಹರಿದು ಬಿಸಾಡಬೇಕು! ಇಷ್ಟು ಹೇಳುವಾಗ ನಾನು ಡ್ಯಾಶ್‌ಬೋರ್ಡಿಗೆ ಗುದ್ದಿದೆನಂತೆ.

“ಮಾರ್ರೆ, ಮೊನ್ನೆ ಇದೇ ಸೀಟಲ್ಲಿ ಕೂತು ಬೇರೆ ಹೇಳಿದ್ರಿ. ಚೀಲ ಹಿಡಿದವನದ್ದೇ ಚೀಲ ಅಂತ.”

“ನಾನು ಹಾಗೆ ಹೇಳಿಲ್ಲ.”

“ಚಾವಡಿ ಅಂತಲೂ ಹೇಳಿದ್ರಿ! ನಾನು ಅಕ್ಕನಿಗೆ ಫೋನಲ್ಲಿ ಹೇಳಿ ನಗಾಡಿದ್ದೇನೆ.”

“ನೀನು ಎಲ್ಲವನ್ನೂ ಅಕ್ಕನಿಗೆ ಹೇಳ್ಬೇಡ.”

ಈ ಮನುಷ್ಯನಿಗೆ ಒಂದು ಸ್ಥಿರವಾದ ಅಭಿಪ್ರಾಯ ಅಂತ ಇಲ್ಲ. ದಿನಕ್ಕೊಂದು ಮಾತು. ನಾಳೆಯಿಂದ ಕಂಪೆನಿಯ ಬಸ್ಸಿನಲ್ಲಿ ಹೋಗುವುದೆಂದು ತೀರ್ಮಾನಿಸಿದ್ದೇನೆ.

ಒಂದು ಪ್ರಾಸ ಹುಡುಕಿದೆ, ‘ಜೈಲು’ ಎಂಬುದಕ್ಕೆ. ಮೈಲು, ಫೈಲು. ಬೇಡ.

ಅಕ್ಟೋಬರ್ 27, ಸೋಮವಾರ

ಬಸ್ಸು. ಯಾರೂ ಮಾತಾಡುವುದಿಲ್ಲ. ಎಲ್ಲರೂ ಫೋನು ನೋಡುತ್ತಾರೆ.

ಅಕ್ಟೋಬರ್ 28, ಮಂಗಳವಾರ

ಸಂಜೆ ಸಮೀನಾ ಬಂದಳು. ಡಾಲಿಯ ಪಾತ್ರೆಗಳನ್ನು ತೊಳೆದು ಒಂದರೊಳಗೆ ಒಂದು ಇಟ್ಟು ತಂದಿದ್ದಳು. ಡಾಲಿ ಕ್ಲಾರಿಸ್ಸಾಳನ್ನು ಟ್ಯೂಷನ್‌ಗೆ ಬಿಡಲು ಹೋಗಿದ್ದಳು. ಕೂತುಕೋ ಎಂದೆ. ಅವಳು ಕೂರಲಿಲ್ಲ.

ಅವಳಿಗೆ ಎಲ್ಲ ಗೊತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಊರಿಂದ ಹೊರಡುವ ಮೊದಲು ಶಹೀದ್ ಅವಳಿಗೆ ಫೋನಿನಲ್ಲಿ ಸಾಮಾನಿನ ಪಟ್ಟಿ ಓದಿ ಹೇಳಿದ್ದನಂತೆ, ಫೌಸ್ಟಿನಣ್ಣನ ಸಿಗಡಿ, ಮಿಡಿ, ಮದ್ದು ಅಂತ. ಹತ್ತು ದಿನ ಡಾಲಿಯ ಸಾರು ತೆಗೆದುಕೊಂಡಿದ್ದಾಳೆ, ಇದರ ಬಗ್ಗೆ ಒಂದು ಮಾತು ಆಡಿಲ್ಲ.

“ನಿನ್ನೆ ಐದು ನಿಮಿಷ ಮಾತಾಡ್ಲಿಕ್ಕೆ ಬಿಟ್ಟಿದ್ರು” ಎಂದಳು. “ನೀವು ಹೆಸರು ಹೇಳ್ಬಹುದಲ್ಲಾ ಅಂತ ಕೇಳಿದೆ. ಕೊಟ್ಟವರು ಬಂದು ಹೇಳ್ಬೇಕು, ನಾನು ಹೇಳಿದ್ರೆ ಚಾಡಿ ಆಗ್ತದೆ ಅಂದ್ರು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಎಂತ ಮಾಡುದು, ಹಾಗಿನವರಿಗೇ ಮದುವೆ ಮಾಡಿ ಕೊಟ್ಟದ್ದು.”

ಕ್ಲಾರಿಸ್ಸಾಳ ಪರೀಕ್ಷೆಯ ವಿಷಯ ಹೇಳಿದೆ. ವಿಚಾರಣೆ ಹೇಗೂ ನಡೆಯುತ್ತದೆ, ಎರಡೇ ಸ್ಟ್ರಿಪ್, ಬಿಟ್ಟುಬಿಡಬಹುದು, ಕಂಪೆನಿ ನೋಡಿಕೊಳ್ಳುತ್ತದೆ, ಸೌದ ಇದ್ದಾನೆ ಎಂದೆಲ್ಲ ಹೇಳಿದೆ. ಬಹಳ ಹೊತ್ತು ಹೇಳಿರಬೇಕು. ಅವಳು ಮೇಜಿನ ಮೇಲಿನ ಪಾತ್ರೆಗಳನ್ನು ನೋಡುತ್ತಿದ್ದಳು.

“ನೀವು ಕಾರಲ್ಲಿ ಅಮೆರಿಕದ ಕೋರ್ಟಿನ ವಿಷಯ ಚಂದ ಮಾತಾಡ್ತೀರಂತೆ. ಮನೆಗೆ ಬಂದು ಎಲ್ಲ ಹೇಳ್ತಿದ್ರು. ನಗಾಡಿ ನಗಾಡಿ ಹೇಳ್ತಿದ್ರು.” ಅವಳು ಶಾಲು ಸರಿಮಾಡಿಕೊಂಡಳು. “ಇಲ್ಲಿಯ ಕೋರ್ಟಿಗೆ ಒಂದೇ ಮಾತು ಬೇಕಾದದ್ದು, ಅಣ್ಣ. ಅದು ಇಂಗ್ಲಿಷಲ್ಲಿ ಹೇಳಿದ್ರೂ ಆಗ್ತದೆ.”

ಬಾಗಿಲು ಹಾಕಿಕೊಂಡು ಹೋದಳು.

ಎಂಥ ಅಹಂಕಾರ! ಮನೆಗೆ ಬಂದು, ವಯಸ್ಸಿನಲ್ಲಿ ಹಿರಿಯನಾದವನಿಗೆ, ಹೀಗೆ

ಈ ವಾಕ್ಯ ಮುಗಿಸಲಾಗುತ್ತಿಲ್ಲ. ಅವಳು ದನಿ ಏರಿಸಿದ್ದರೆ ಮುಗಿಸಬಹುದಿತ್ತು.

ಅಕ್ಟೋಬರ್ 29, ಬುಧವಾರ

ಬೆಳಿಗ್ಗೆ ಡಾಲಿಗೆ ಹೇಳಿದೆ, ಇದೆಲ್ಲ ಕ್ಲಾರಿಸ್ಸಾಳಿಗಾಗಿ ಎಂದು.

“ಅವಳ ಹೆಸರು ಇದಕ್ಕೆ ತರ್ಬೇಡಿ” ಎಂದಳು. “ಅವಳು ನಿನ್ನೆ ಕೇಳಿದ್ಳು, ಶಹೀದ್ ಅಂಕಲ್‌ಗೆ ಪಪ್ಪನ ಮೆಡಿಸಿನ್ ಯಾಕೆ ಬೇಕಿತ್ತು ಅಂತ. ನೀವು ರಾಯ್‌ಸ್ಟನ್‌ಗೆ ಬೈದದ್ದು ಅವಳಿಗೂ ಕೇಳಿದೆ, ಮಾತ್ರೆ ಯಾವುದಂತಲೂ ಗೊತ್ತುಂಟು. ಕಳೆದ ವರ್ಷ ದಿನಾ ನೀರು ತಂದು ಕೊಟ್ಟದ್ದು ಅವಳೇ ಅಲ್ವಾ?”

“ನೀನೇನು ಹೇಳಿದೆ?”

“ಪಪ್ಪನ ಹತ್ರ ಕೇಳು ಅಂದೆ. ಕೇಳಿದ್ಳಾ?”

ಕೇಳಿಲ್ಲ. ನಿನ್ನೆ ಊಟಕ್ಕೆ ಎದುರಿಗೇ ಕೂತಿದ್ದಳು. ಕೇಳಲಿಲ್ಲ.

ಸೂಟ್‌ಕೇಸಿನಿಂದ ಕಡತ ತೆಗೆದೆ. ಮಂಗಳೂರಿನ ಚೀಟಿ ಎಲ್ಲಕ್ಕಿಂತ ಮೇಲೆಯೇ ಇತ್ತು. ನನ್ನ ಹೆಸರು, ವಯಸ್ಸು, ಮಾತ್ರೆಯ ಹೆಸರು. ಡಾಕ್ಟರ ಅಕ್ಷರ ಯಾವತ್ತೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಸೌದನಿಗೆ ಫೋನು ಮಾಡಿದೆ.

ಅಕ್ಟೋಬರ್ 30, ಗುರುವಾರ

ಶಹೀದ್ ಮನೆಗೆ ಹೋಗಿದ್ದಾನೆ. ನನ್ನ ಪಾಸ್‌ಪೋರ್ಟ್ ಅವರಲ್ಲಿದೆ. ವಿಚಾರಣೆ ನವೆಂಬರ್ ಇಪ್ಪತ್ತಮೂರಕ್ಕೆ. ಚೀಟಿ ಅಸಲಿ, ಹೆಸರು ನನ್ನದು, ಕಾಯಿಲೆ ನಿಜ, ಆದ್ದರಿಂದ ದಂಡದಲ್ಲಿ ಮುಗಿಯಬಹುದು, ಮುಗಿಯದೆಯೂ ಇರಬಹುದು ಎಂದು ಸೌದ ಹೇಳಿದ. ಕಂಪೆನಿ ಅಲ್ಲಿಯ ತನಕ ಮನೆಯಲ್ಲಿರಲು ಹೇಳಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಸೌದ ಕರೆದುಕೊಂಡು ಹೋದ. ಪಾರ್ಕಿಂಗಿನಲ್ಲಿ ಇಂಜಿನ್ ನಿಲ್ಲಿಸಿ ನನ್ನ ಕಡೆ ತಿರುಗಿದ. ಹಿಂದಿಯಲ್ಲಿ ಹೇಳಿದ, “ನಿನ್ನೆಯಷ್ಟೇ ಗೊತ್ತಾಯಿತು ಅಂತ ಹೇಳು. ಗೊತ್ತಾದ ಕೂಡಲೇ ಓಡಿ ಬಂದೆ ಅಂತ. ನಿನಗೆ ಒಳ್ಳೆಯದು. ಖಲಾಸ್.” ಅವನು ಹಾಗೆಂದದ್ದು ನನ್ನ ಮೇಲಿನ ಪ್ರೀತಿಯಿಂದ. ನಾನು ಹೂಂ ಎಂದೆ. ಹಾಗೇ ಹೇಳುವುದೆಂದು ಮೆಟ್ಟಿಲು ಹತ್ತುವ ತನಕವೂ ಅಂದುಕೊಂಡಿದ್ದೆ.

ಅಧಿಕಾರಿ ನನಗಿಂತ ಚಿಕ್ಕ ಪ್ರಾಯದವನು. ಕುರ್ಚಿ ಕೊಟ್ಟ, ನೀರು ಕೊಟ್ಟ. ದುಭಾಷಿ ಕಣ್ಣೂರಿನವನು, ಹಿಂದಿಯಲ್ಲಿ ಕೇಳಿ ಅರಬ್ಬಿಯಲ್ಲಿ ಹೇಳುತ್ತಿದ್ದ. ಚೀಟಿ ನೋಡಿದರು, ಸ್ಟ್ರಿಪ್ ತರಿಸಿ ಹೆಸರು ಹೋಲಿಸಿದರು. ಯಾರಿಗೆ ಹೇಳಿ ತರಿಸಿದ್ದು, ಅನುಮತಿ ಯಾಕೆ ಪಡೆಯಲಿಲ್ಲ ಎಂದು ಕೇಳಿದರು. ತಿಳಿಯಲಿಲ್ಲ ಎಂದೆ. ತಿಳಿಯುವ ಪ್ರಯತ್ನ ಮಾಡಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅವನು ತನ್ನದೆಂದು ಯಾಕೆ ಹೇಳಿದ ಎಂದು ಕೇಳಿದರು. ಹಾಗೆ ಹೇಳಬೇಕೆಂದು ಕಲಿಸಿದ್ದು ನಾನು ಎಂದೆ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ, ಅದನ್ನು ಇನ್ನೊಮ್ಮೆ ಹೇಳಿಸಿದ.

ಆಗ ಶಹೀದನನ್ನು ಕರೆತಂದರು, ಹೇಳಿಕೆ ತಾಳೆ ನೋಡಲಿಕ್ಕೆ. ಗಡ್ಡ ಬಿಟ್ಟಿದ್ದ. ಮದುವೆಗೆ ಹಾಕಿದ ಮೆಹಂದಿ ಇನ್ನೂ ಕಿರುಬೆರಳಿನಲ್ಲಿ ಕಂದುಬಣ್ಣಕ್ಕೆ ಉಳಿದಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತ, ನನ್ನ ಕಡೆ ನೋಡಲಿಲ್ಲ.

ಅಧಿಕಾರಿ ಕೊನೆಯ ಪ್ರಶ್ನೆ ಕೇಳಿದ. ದುಭಾಷಿ ತಿರುಗಿಸಿದ. “ಇವನನ್ನು ಹಿಡಿದದ್ದು ನಿನಗೆ ಯಾವಾಗ ಗೊತ್ತಾಯಿತು?”

ನಿನ್ನೆ ಎಂಬ ಮಾತು ನಾಲಿಗೆಯಲ್ಲಿತ್ತು. ಬಾಗಿಲ ಹತ್ತಿರ ನಿಂತ ಸೌದ ನನ್ನನ್ನೇ ನೋಡುತ್ತಿದ್ದ. ನನಗೆ ಯಾಕೋ ಸಿಟ್ಟು ಬಂತು. ರಾಯ್‌ಸ್ಟನ್ ಮೇಲಲ್ಲ, ಕ್ಲೇಟನ್ ಮೇಲಲ್ಲ, ಅಮೆರಿಕದ ಮೇಲಂತೂ ಅಲ್ಲ.

“ಹತ್ತೊಂಬತ್ತನೇ ತಾರೀಕು, ಬೆಳಿಗ್ಗೆ ಹತ್ತೂವರೆಗೆ” ಎಂದೆ. “ಹನ್ನೊಂದು ದಿನ ಗೊತ್ತಿದ್ದೂ ಸುಮ್ಮನಿದ್ದೆ. ಹಾಗೇ ಬರೆಯಿರಿ.”

ದುಭಾಷಿ ಬೆರಳಲ್ಲಿ ದಿನ ಎಣಿಸಿದ. ಆಮೇಲೆ ಅರಬ್ಬಿಯಲ್ಲಿ ಹೇಳಿದ. ಅಧಿಕಾರಿ ಬರೆಯತೊಡಗಿದ.

ಶಹೀದ್ ಆಗ ತಲೆಯೆತ್ತಿದ.

“ಹನ್ನೊಂದು ನಿಮಗೆ” ಎಂದ, ಕನ್ನಡದಲ್ಲಿ. “ನನಗೆ ಒಳಗೆ ಹನ್ನೆರಡು.”

ಏನೆಂದ ಎಂದು ಅಧಿಕಾರಿ ಕೇಳಿದ. ದುಭಾಷಿಗೆ ಕನ್ನಡ ಬಾರದು, ಅವನು ನನ್ನ ಮುಖ ನೋಡಿದ. ಆ ಕೋಣೆಯಲ್ಲಿ ಅದನ್ನು ಬೇರೆ ಭಾಷೆಗೆ ತಿರುಗಿಸಬಲ್ಲವನು ನಾನೊಬ್ಬನೇ ಇದ್ದೆ. ತಿರುಗಿಸಿದೆ.